ಐದು ರಟ್ಟಿನ ಬಿಲ್ಲೆ

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದು ನನ್ನ ಕೆಲಸ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ನೌಕರಿಯ ಗುಣ, ರಜೆಯ ದಿನವೂ ಹೋಗುವುದಿಲ್ಲ.

ಭಾನುವಾರ ಹೆಂಡತಿ, ಅತ್ತೆ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ನಗರದಾಚೆಯ ಬೆಟ್ಟಕ್ಕೆ ಹೋದೆ. ‘ಪ್ರವೇಶ ಉಚಿತ’ ಎಂದು ದೊಡ್ಡ ಫಲಕವೇ ಇತ್ತು. ಆದರೂ ಗೇಟಿನಲ್ಲಿ ಮುದುಕ ಕಾವಲುಗಾರನೊಬ್ಬ ತಲೆಗೊಂದರಂತೆ ನಂಬರು ಹಾಕಿದ ರಟ್ಟಿನ ಬಿಲ್ಲೆ ಕೊಡುತ್ತಿದ್ದ.

“ಬಿಟ್ಟಿ ಜಾಗಕ್ಕೆ ಇದೇನ್ರೀ ಟಿಕೆಟ್ಟು?” ಎಂದೆ.

“ಟಿಕೆಟ್ ಅಲ್ಲ ಸ್ವಾಮಿ, ಇಳಿಯೋವಾಗ ವಾಪಸ್...”

“ಇಪ್ಪತ್ತು ವರ್ಷದಿಂದ ಟಿಕೆಟ್ ನೋಡ್ತಿದೀನಿ. ನನ್ನ ಕಿವಿ ಮೇಲೆ ಹೂ ಇಡಬೇಡಿ. ಮೇಲೆ ಹೋದ್ಮೇಲೆ ಇದನ್ನ ತೋರಿಸಿ ಕಾಸು ಕೀಳೋದು ತಾನೆ?”

ಹಿಂದೆ ನಿಂತವರು ನಕ್ಕರು. ಮುದುಕ ತಲೆ ತಗ್ಗಿಸಿದ. ಹೆಂಡತಿ ನನ್ನ ತೋಳು ಚಿವುಟಿದಳು. ನಾನು ಗೆದ್ದವನಂತೆ ಐದೂ ಬಿಲ್ಲೆ ಜೇಬಿಗಿಳಿಸಿದೆ.

ಮೇಲೆ ಯಾರೂ ಒಂದು ಕಾಸು ಕೇಳಲಿಲ್ಲ. ಮಕ್ಕಳು ಹುಲ್ಲಲ್ಲಿ ಉರುಳಾಡಿದರು. ಅತ್ತೆ ಮಂಡಿನೋವು ಮರೆತು ಎರಡು ಸಲ ಜೋಕಾಲಿ ಹತ್ತಿದರು. ಇಳಿಯುವ ಹೊತ್ತಿಗೆ ಬೆಟ್ಟದ ಹಿಂಬದಿಯ ಮೆಟ್ಟಿಲ ಬುಡದಲ್ಲಿ ಬಸ್ಸು ನಿಂತಿತ್ತು. ಮುದುಕನ ಮುಖ ನೋಡುವುದು ತಪ್ಪಿತೆಂದು ಎಲ್ಲರನ್ನೂ ಅತ್ತಲಿಂದಲೇ ಇಳಿಸಿ ಬಸ್ಸು ಹತ್ತಿಸಿದೆ.

ಮರುದಿನ ಬೆಳಿಗ್ಗೆ ಅಂಗಿ ನೆನೆಹಾಕಲು ಹೋದ ಹೆಂಡತಿ ಬಿಲ್ಲೆಗಳನ್ನು ತಂದು ನನ್ನ ಮುಂದೆ ಹಿಡಿದಳು. “ಹಿಂದೆ ಏನು ಬರ್ದಿದೆ, ಓದಿ.”

‘ಇಳಿಯುವಾಗ ಮರಳಿಸಿ. ಬಿಲ್ಲೆ ಬಾರದಿದ್ದರೆ ನಿಮ್ಮನ್ನು ಬೆಟ್ಟದಲ್ಲಿ ಹುಡುಕುತ್ತೇವೆ.’

ಊರವರ ಟಿಕೆಟ್ಟನ್ನೆಲ್ಲ ತಿರುಗಿಸಿ ಮುರುಗಿಸಿ ನೋಡುವ ನಾನು ಇದನ್ನು ತಿರುಗಿಸಿರಲಿಲ್ಲ. ತಿಂಡಿಯನ್ನೂ ತಿನ್ನದೆ ಬೆಟ್ಟದ ಬಸ್ಸು ಹಿಡಿದೆ.

ಮುದುಕ ಗೇಟಿನ ಸ್ಟೂಲಿನ ಮೇಲೆ ಕೂತಿದ್ದ. ಪ್ಯಾಂಟು ಮಂಡಿಯಲ್ಲಿ ಹರಿದಿತ್ತು, ಕೈತುಂಬ ಮುಳ್ಳು ಗೀರಿದ ಗಾಯ. ಬಿಲ್ಲೆ ಕಂಡದ್ದೇ ಎದ್ದು ನಿಂತ.

“ಎಲ್ರೂ ಮನೆ ಸೇರಿದ್ರಾ? ಆ ಅಜ್ಜಿ?” ಗಂಟಲಿಂದ ದನಿಗಿಂತ ಗಾಳಿಯೇ ಹೆಚ್ಚು ಬಂತು.

“ಸೇರಿದ್ರು.”

“ಸದ್ಯ! ರಾತ್ರಿಯೆಲ್ಲ ಕೂಗಿ ಕೂಗಿ ದನಿ ಬಿದ್ದೋಯ್ತು, ಅಷ್ಟೆ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನಾಚಿಕೆಯಿಂದ ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು. “ತಪ್ಪಾಯ್ತು” ಎಂದೆ. ಅವನು ಬಿಲ್ಲೆಗಳನ್ನು ಇಸಿದುಕೊಂಡು ಅಂಗಿಗೆ ಒರೆಸಿದ.

ಅಷ್ಟರಲ್ಲಿ ಒಂದು ಸಂಸಾರ ಬಂತು. ಅವನು ಅವೇ ಬಿಲ್ಲೆಗಳನ್ನು ಅವರ ಕೈಗಿಟ್ಟ.

“ಬಿಟ್ಟಿ ಅಂದ್ರು, ಟಿಕೆಟ್ ಯಾಕೆ?” ಎಂದಳು ಆ ಹೆಂಗಸು.

ಮುದುಕ ಬಾಯಿ ತೆರೆದ, ದನಿ ಹೊರಡಲಿಲ್ಲ. ನನ್ನ ಕಡೆ ನೋಡಿದ.

“ಟಿಕೆಟ್ ಅಲ್ಲಮ್ಮ,” ಎಂದೆ ನಾನು. “ಇಳಿಯೋವಾಗ ಮರೀದೆ ಇವ್ರ ಕೈಗೇ ಕೊಡಿ. ಕೊಡ್ದಿದ್ರೆ ಇವ್ರು ಮನೆಗೆ ಹೋಗಲ್ಲ.”