ಹತ್ತೇ ಕಾರ್ಡಿನ ಜಲಜಾಕ್ಷಿ

ಜಲಜಾಕ್ಷಿಯವರು ಯಾರ ಮಾತನ್ನು ಕೇಳುವುದಿದ್ದರೂ ಮೊದಲು ಎಡಗೈಯ ಗಡಿಯಾರವನ್ನು ಬಿಚ್ಚಿ ಎದುರಿನ ಮೇಜಿನ ಮೇಲೆ ಇಡುತ್ತಿದ್ದರು. ನಾನೂರು ಎಲೆಯ ಅಡುಗೆಯನ್ನು ನಿಮಿಷಗಳಲ್ಲಿ ಅಳೆದು ಅಭ್ಯಾಸವಾದ ಆ ಹೆಂಗಸಿಗೆ ಎದುರು ಕೂತವನ ಮಾತೂ ಒಲೆಯ ಮೇಲಿಟ್ಟ ಪಾತ್ರೆಯಂತೆಯೇ ಕಾಣುತ್ತಿತ್ತು. ಎಷ್ಟು ಹೊತ್ತಿಗೆ ಬೇಯುತ್ತದೆ, ಎಷ್ಟು ಹೊತ್ತಿಗೆ ಸೀಯುತ್ತದೆ ಎಂಬುದಷ್ಟೇ ಅವರಿಗೆ ಬೇಕು. ಆ ಗಡಿಯಾರದ ಎದುರು ನಾನು ಮೂರು ಸಲ ಸೀದುಹೋಗಿದ್ದೇನೆ. ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು: ಈಕೆಯ ಮೇಲೆ ನನಗೆ ಹೊಟ್ಟೆಕಿಚ್ಚು, ಇಂದಿಗೂ ಆರಿಲ್ಲ. ಈ ಚಿತ್ರದಲ್ಲಿ ಅವರ ಮೂಗು ತುಸು ಸೊಟ್ಟಗೆ ಬಂದರೆ ಓದುಗರು ಕಾರಣವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ.

ತೊಂಬತ್ತರ ದಶಕದ ಆ ದಿನಗಳಲ್ಲಿ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ಸೇತುವೆಯ ಮೆಟ್ಟಿಲಿನ ಬುಡದಲ್ಲಿ ನನ್ನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇತ್ತು. ಕಲ್ಯಾಣದಿಂದ ವಾಶಿಯವರೆಗೆ ಯಾವ ಕನ್ನಡಿಗ ಹೋಟೆಲ್ ತೆರೆದರೂ, ವಿಮೆಯ ಏಜೆಂಟನಾದರೂ ಅವನ ವಿಸಿಟಿಂಗ್ ಕಾರ್ಡು ನನ್ನ ಕೈಯಲ್ಲಿಯೇ ಅವತರಿಸಬೇಕು. ಈ ಸಾಮ್ರಾಜ್ಯಕ್ಕೆ ಒಂದೇ ಶಾಸನ, ಅದನ್ನು ಬೋರ್ಡಿನಲ್ಲಿ ಬರೆಸಿ ತೂಗುಹಾಕಿದ್ದೆ: ಸಾವಿರಕ್ಕಿಂತ ಕಡಿಮೆ ಅಚ್ಚು ಹಾಕುವುದಿಲ್ಲ.

ಜಲಜಾಕ್ಷಿಯವರು ಮೊದಲ ಸಲ ಬಂದಾಗ ಈ ಶಾಸನಕ್ಕೆ ತಲೆಬಾಗಿದರು. ಉಡುಪಿ ಕಡೆಯವರು, ಕೋಪರಖೈರಣೆಯ ವಾಸ. ಬಲ ಸೊಂಟದ ಮೇಲೆ ವರ್ಷಗಟ್ಟಲೆ ಪಾತ್ರೆ ಹೊತ್ತದ್ದರಿಂದ ಎಡಕ್ಕೆ ವಾಲಿ ನಡೆಯುತ್ತಿದ್ದರು. ಕೈ ಬರಿದಾಗಿದ್ದಾಗಲೂ ಏನನ್ನೋ ಚೆಲ್ಲದಂತೆ ಒಯ್ಯುವ ನಡಿಗೆ. ಗಂಡ ಮುರಾರಿಯವರ ಕಾರ್ಖಾನೆ ಮುಚ್ಚಿತ್ತು, ನಾಮಕರಣ ಉಪನಯನಗಳಿಗೆ ಈಕೆ ಮಾಡುವ ಅಡುಗೆಯೇ ಮನೆಗೆ ಆಧಾರ. ನಾನು ಅವರಿಗೆ ಚಿನ್ನದ ಬಣ್ಣದ ಕಮಲವೊಂದನ್ನು ಬಿಡಿಸಿ, ದಳಗಳ ಸುತ್ತ ಫೋನ್ ನಂಬರನ್ನೂ ಅದರ ಪಕ್ಕ ಪಿ.ಪಿ. ಎಂಬ ಎರಡಕ್ಷರವನ್ನೂ ಹಾಕಿ ಸಾವಿರ ಕಾರ್ಡು ಕೊಟ್ಟೆ. ಪಿ.ಪಿ. ಎಂದರೆ ಫೋನು ಪಕ್ಕದ ಮನೆಯದು, ಅವರು ಕರೆದು ಕೊಡುತ್ತಾರೆ ಎಂದರ್ಥ. ಸ್ವಂತ ಫೋನಿಲ್ಲದ ಅರ್ಧ ಜಗತ್ತು ಆಗ ಈ ಎರಡಕ್ಷರದ ಮೇಲೆ ನಿಂತಿತ್ತು.

ಇಲ್ಲಿ ಆ ಫೋನು ಮೇಲಿನ ಮಹಡಿಯ ದಾನಮ್ಮನವರದು. ವಿಜಯಪುರದ ಹೆಂಗಸು, ಗಚ್ಚಿಯಿಂದ ಕೂಗಿದರೆ ಕೆಳಗಿನ ರಿಕ್ಷಾಗಳೂ ನಿಲ್ಲಬೇಕು. ಆದರೆ ಕಾರ್ಡು ಬಂದ ಎರಡೇ ತಿಂಗಳಲ್ಲಿ, ಒಣಹಾಕಿದ ಹಪ್ಪಳದ ಮೇಲೆ ಒದ್ದೆ ಸೀರೆ ತೊಟ್ಟಿಕ್ಕಿತೆಂಬ ಮಹಾಯುದ್ಧ ನಡೆದು ಇಬ್ಬರ ಮಾತು ನಿಂತಿತು. ಆಮೇಲೆ ಯಾರು ಫೋನ್ ಮಾಡಿದರೂ ದಾನಮ್ಮನವರದು ಒಂದೇ ಉತ್ತರ: “ಆಕಿ ಊರಿಗಿ ಹೋಗ್ಯಾಳ್ರಿ. ಬರೂದು ಗೊತ್ತಿಲ್ಲ.”

ವಾಶಿಯ ಮಾರ್ಕೆಟ್ಟಿನಲ್ಲಿ ಗಿರಾಕಿಯೊಬ್ಬರು ಎದುರಾಗಿ, ಊರಿಂದ ಯಾವಾಗ ಬಂದಿರಿ, ನಮ್ಮ ಮಗನ ಉಪನಯನಕ್ಕೆ ಬೇರೆಯವರನ್ನು ಕರೆದೆವು ಎಂದಾಗಲೇ ಜಲಜಾಕ್ಷಿಯವರಿಗೆ ವಿಷಯ ತಿಳಿದದ್ದು. ಕೈಬಿಟ್ಟುಹೋದ ಮೂರನೆಯ ಅಡುಗೆ ಅದು. ಇನ್ನೆರಡು ಹೋದರೆ ಮನೆಯ ಒಲೆಯೇ ಆರುವ ಹಾಗಿತ್ತು. ಮರುದಿನ ಅವರು ನನ್ನ ಅಂಗಡಿಗೆ ಬಂದು ಗಡಿಯಾರ ಬಿಚ್ಚಿಟ್ಟರು. ದಾನಮ್ಮನವರದರ ಬದಲು ಇಸ್ತ್ರಿ ಅಂಗಡಿಯ ನಂಬರು ಸಿಕ್ಕಿದೆ, ಅದನ್ನು ಹಾಕಿ ಹತ್ತು ಕಾರ್ಡು ಮಾಡಿಕೊಡಿ ಎಂದರು. ನಾನು ಬೋರ್ಡು ತೋರಿಸಿದೆ.

“ಹತ್ತು ಸಾಕು ಮಧ್ವಣ್ಣ. ಅದು ಮುಗಿಯುವಾಗ ನನ್ನ ನಂಬರು ಯಾರ ಮನೆಯಲ್ಲಿ ಉಂಟೋ ಯಾರಿಗೆ ಗೊತ್ತು?”

ನಾನು ನಕ್ಕೆ. ಸಾಮ್ರಾಟರು ನಗಬಾರದ ಹೊತ್ತಿನಲ್ಲಿ ನಗುತ್ತಾರೆ. ಪತನ ಅಲ್ಲಿಂದಲೇ ಶುರು.

ಕಾರ್ಖಾನೆ ಮುಚ್ಚುವಾಗ ಬರಬೇಕಾದ ಹಣ ಬಾರದೆ, ಅದಕ್ಕೆ ಬದಲಾಗಿ ಮುರಾರಿಯವರಿಗೆ ಸ್ಟೋರಿನ ಕಂಪ್ಯೂಟರೂ ಪ್ರಿಂಟರೂ ಸಿಕ್ಕಿದ್ದವು. ಕಸೂತಿ ಬಟ್ಟೆ ಹೊದಿಸಿಕೊಂಡು ಮನೆಯ ಮೂಲೆಯಲ್ಲಿ ಕೂತಿದ್ದವು. ಕಾರ್ಡನ್ನೂ ಅಡುಗೆಯ ಪಟ್ಟಿಯ ಬ್ರೋಷರನ್ನೂ ತಾನೇ ಮಾಡಿಕೊಳ್ಳುವ ಸಾಫ್ಟ್‌ವೇರ್ ಬೇಕೆಂದು ಈಕೆ ಹೊರಟರು. ಬಲ್ಲವನೆಂದು ನನ್ನನ್ನೇ ಜೊತೆಗೆ ಕರೆದರು. ಸೋಲನ್ನು ಹತ್ತಿರದಿಂದ ನೋಡುವ ಆಸೆಯಿಂದ ನಾನೂ ಹೋದೆ.

ಠಾಣೆಯ ಅಂಗಡಿಯವನು ಕೋಟಿಗಟ್ಟಲೆ ಬಣ್ಣಗಳ ಮಹಿಮೆ ಹಾಡಿದ. ಕಲ್ಯಾಣದವನು ಅಕ್ಷರಗಳಿಗೆ ನೆರಳು ಬರಿಸಿ, ಬೆಂಕಿ ಹಚ್ಚಿ, ನೀರಿನಲ್ಲಿ ಅಲುಗಾಡಿಸಿದ. ಜಲಜಾಕ್ಷಿಯವರು ಎಲ್ಲವನ್ನೂ ಮರ್ಯಾದೆಯಿಂದ ನೋಡಿ, ಗಡಿಯಾರ ಬಿಚ್ಚಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದರು: “ನಂಬರು ಬದಲಿಸ್ಲಿಕ್ಕೆ ಎಷ್ಟು ಹೊತ್ತು?” ಇಬ್ಬರೂ ಮತ್ತೆ ಬಣ್ಣ ನೆರಳುಗಳ ಕಡೆಗೇ ಹೊರಳಿದರು. ಕೊನೆಗೆ ನನ್ನದೇ ಅಂಗಡಿಯಲ್ಲಿ, ನಾನು ಆರು ತಿಂಗಳು ಕ್ಲಾಸಿಗೆ ಹೋಗಿ ಕಲಿತ ಭಾರಿ ಸಾಫ್ಟ್‌ವೇರಿನಲ್ಲಿ ಅವರ ಕಮಲವನ್ನೇ ತೆರೆದು ಕೂತೆ. ಶೋಕಿಗೆಂದು ನಂಬರನ್ನು ಕಮಲದ ದಳಗಳ ಸುತ್ತ ಬಾಗಿಸಿ, ಅಂಕಿಗಳನ್ನೆಲ್ಲ ಚಿತ್ರವಾಗಿ ಕರಗಿಸಿಟ್ಟಿದ್ದವನು ನಾನೇ. ಒಂದಂಕಿ ಕೀಳಲು ಹೋದರೆ ಒಂದು ದಳ ಕಿತ್ತು ಬಂತು. ಹನ್ನೊಂದು ನಿಮಿಷ. ಅವರು ಗಡಿಯಾರ ಕಟ್ಟಿಕೊಂಡರು.

ವಾಶಿಯಲ್ಲಿ ಅವರು ಆರಿಸಿದ್ದು ಎರಡೇ ಫ್ಲಾಪಿಯ ಪುಟಾಣಿ ಸಾಫ್ಟ್‌ವೇರ್. ಮಕ್ಕಳು ಹುಟ್ಟುಹಬ್ಬದ ಕಾರ್ಡು ಮಾಡಲಿಕ್ಕೆ ಇರುವಂಥದ್ದು. ಒಂದು ಹಾಳೆಯಲ್ಲಿ ಹತ್ತು ಕಾರ್ಡು, ನಂಬರು ಬದಲಿಸಲು ನಲವತ್ತು ಸೆಕೆಂಡು. ಅದರಲ್ಲಿ ಕನ್ನಡವಿಲ್ಲ ಎಂದು ತಿಳಿದಾಗ ನನಗೆ ಆದ ಆನಂದವನ್ನು ಬಣ್ಣಿಸಲಾರೆ. ಅವರು ಇಂಗ್ಲಿಷಿನ ಕೆಳಗೆ ಒಂದು ಗೆರೆಯಷ್ಟು ಜಾಗ ಖಾಲಿ ಬಿಟ್ಟರು. ಕಾರ್ಡು ಕೊಡುವಾಗ ಅಲ್ಲಿ, ಎದುರಿನವರ ಹೆಸರು ಕೇಳಿಕೊಂಡು, ಶಾಯಿ ಪೆನ್ನಿನಲ್ಲಿ ದುಂಡಗೆ ಬರೆಯುತ್ತಿದ್ದರು: ಸುಲೋಚನಾ ಅವರ ಮನೆಯ ಊಟಕ್ಕೆ. ಅಂಥ ಕಾರ್ಡನ್ನು ಯಾರು ಬಿಸಾಡುತ್ತಾರೆ? ನಾನು ಮಾಡಿಕೊಟ್ಟ ಬ್ರೋಷರುಗಳಲ್ಲಿ ವರ್ಷವಿಡೀ ಮಾವಿನ ಹಣ್ಣಿನ ಸೀಕರಣೆ ಇರುತ್ತಿತ್ತು. ಅವರದರಲ್ಲಿ ಮಾವು ಮುಗಿದ ವಾರವೇ ಪತ್ರೊಡೆ ಬಂದು ಕೂರುತ್ತಿತ್ತು. ಆ ವರ್ಷ ನಂಬರು ನಾಲ್ಕು ಸಲ ಬದಲಾಯಿತು, ಅಡುಗೆ ಒಂದೂ ತಪ್ಪಲಿಲ್ಲ. ದಾನಮ್ಮನವರೊಡನೆ ರಾಜಿಯಾಗಿ ಹಳೆಯ ನಂಬರೇ ಮರಳಿದಾಗ, ನನ್ನ ಚಿನ್ನದ ಕಾರ್ಡುಗಳನ್ನೇ ಹೊರತೆಗೆಯಬಹುದಲ್ಲ ಎಂದೆ. ಅವೆಲ್ಲ ಮಸಾಲೆ ಡಬ್ಬಿಗಳ ಮೇಲೆ ಹೆಸರಿನ ಚೀಟಿಗಳಾಗಿದ್ದವು. ಬೆನ್ನು ಬಿಳಿ ಇತ್ತಲ್ಲ, ಉಪಯೋಗ ಆಯಿತು ಎಂದು ಸಮಾಧಾನ ಹೇಳಿದರು. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ, ಜಲಜಕ್ಕನ ಹಾಗೆ ಹತ್ತೇ ಮಾಡಿಕೊಡುತ್ತೀರಾ ಎಂದು ಕೇಳತೊಡಗಿದರು.

ಆಮೇಲೆ ಒಂದು ದಿನ ನಮ್ಮ ಕಡೆಯ ಟೆಲಿಫೋನ್ ನಂಬರುಗಳೇ ಬದಲಾದವು. ನನ್ನ ಹೆಸರಿನ ಎರಡು ಸಾವಿರ ಕಾರ್ಡುಗಳು ಮನೆಯಲ್ಲಿದ್ದವು, ಉಬ್ಬು ಅಕ್ಷರದವು. ಠಾಣೆಯಿಂದ ವಾಶಿಗೆ ಹೋಗುವ ಬಸ್ಸಿನಲ್ಲಿ, ಕಳವಾ ರಸ್ತೆಯ ಹೊಂಡಗಳ ನಡುವೆ, ಅವುಗಳದೊಂದು ಕಟ್ಟು ಹಿಡಿದು, ಬಾಲ್‌ಪೆನ್ನಿನಿಂದ ಅಂಕಿಗಳನ್ನು ಕೆರೆದು ತಿದ್ದುತ್ತಿದ್ದೆ. ಹಿಂದಿನ ಸೀಟಿನಿಂದ ಪರಿಚಿತ ದನಿ ಬಂತು.

“ಒಂದಕ್ಕೆ ಎಷ್ಟು ಹೊತ್ತು ಆಗ್ತದೆ ಮಧ್ವಣ್ಣ?”

ಬಸ್ಸಿನಲ್ಲಿ ಮೇಜಿಲ್ಲದ್ದರಿಂದ ಗಡಿಯಾರ ಅವರ ಅಂಗೈಯಲ್ಲಿತ್ತು.

ಮುಂದಿನ ವಾರ ಅಂಚೆಯಲ್ಲಿ ಲಕೋಟೆಯೊಂದು ಬಂತು. ಒಳಗೆ ಹತ್ತು ಕಾರ್ಡು. ನನ್ನ ಹೆಸರು, ನನ್ನ ಹೊಸ ನಂಬರು, ಕೆಳಗಿನ ಗೆರೆಯಲ್ಲಿ ಆ ದುಂಡು ಅಕ್ಷರಗಳಲ್ಲಿ ನನ್ನದೇ ಶಾಸನ: ಸಾವಿರಕ್ಕಿಂತ ಕಡಿಮೆ ಅಚ್ಚು ಹಾಕುವುದಿಲ್ಲ. ಹರಿದು ಹಾಕಬೇಕೆಂದುಕೊಂಡವನು ಒಂಬತ್ತನ್ನು ಹಂಚಿದೆ. ಪಡೆದವರೆಲ್ಲ ಓದಿ ನಕ್ಕರು, ಏಳು ಜನ ಫೋನ್ ಮಾಡಿದರು, ಏಳರಲ್ಲಿ ಐವರು ಕೇಳಿದ್ದು ನೂರೇ ಕಾರ್ಡು. ಸ್ಟೂಲು ಹತ್ತಿ ಬೋರ್ಡನ್ನು ನಾನೇ ಇಳಿಸಿದೆ. ಹತ್ತನೆಯ ಕಾರ್ಡು ಇನ್ನೂ ನನ್ನ ಪಾಕೀಟಿನಲ್ಲಿದೆ, ಯಾರಿಗೂ ಕೊಡುವುದಿಲ್ಲ.

ನಮ್ಮಂಥವರು ನಾಳೆಯೂ ಇದೇ ವಿಳಾಸದಲ್ಲಿ, ಇದೇ ಠೀವಿಯಲ್ಲಿ ಇರುತ್ತೇವೆಂದು ನಂಬಿ ನಮ್ಮನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಿಕೊಂಡು, ಉಳಿದ ಆಯುಷ್ಯವನ್ನು ತಿದ್ದುವುದರಲ್ಲಿ ಕಳೆಯುತ್ತೇವೆ. ಜಲಜಾಕ್ಷಿಯಂಥವರು ತಮ್ಮನ್ನು ಒಮ್ಮೆಗೆ ಹತ್ತಕ್ಕಿಂತ ಹೆಚ್ಚು ಅಚ್ಚು ಹಾಕುವುದಿಲ್ಲ. ಹಪ್ಪಳ ನೆನೆದರೂ, ಕಾರ್ಖಾನೆ ಮುಚ್ಚಿದರೂ, ನೆರೆಯವರು ಮುನಿದರೂ ಹೊಸ ಹಾಳೆಯಲ್ಲಿ ಹೊಸದಾಗಿ ಬರುತ್ತಾರೆ, ಕೆಳಗೆ ಒಂದು ಗೆರೆಯ ಜಾಗವನ್ನು ಎದುರಿನವರ ಹೆಸರಿಗೆಂದು ಖಾಲಿ ಬಿಟ್ಟುಕೊಂಡು. ಇಂಥವರನ್ನು ಕಂಡು ಕಿಚ್ಚುಪಡುವುದಕ್ಕೂ ಒಂದು ಯೋಗ್ಯತೆ ಬೇಕು. ಅದನ್ನಂತೂ ನಾನು ಸಂಪಾದಿಸಿಕೊಂಡಿದ್ದೇನೆ.