ಸವಣೂರವ್ವನ ಹೆಸರು

ನಮ್ಮ ಅತ್ತೆ ಮಂಜವ್ವನವರಿಗೆ ಕನಸು ಬೀಳುವುದು ಹೊಸದಲ್ಲ. ಕನಸಿನಲ್ಲಿ ಹಾವು ಬಂದರೆ ಬೆಳಿಗ್ಗೆ ಹುತ್ತಕ್ಕೆ ಹಾಲು, ಹಲ್ಲು ಬಿದ್ದರೆ ಮಗಳಿಗೆ ಫೋನು. ಆದರೆ ಈ ವರ್ಷ ಮಳೆಗಾಲ ಹಿಂದಾಗುತ್ತ ಬಂದಂತೆ ಒಂದೇ ಕನಸು ಅವರ ಬೆನ್ನು ಹತ್ತಿತು. ಹಾನಗಲ್ಲಿನ ನಮ್ಮ ಮನೆಯ ಹೊಸ್ತಿಲಾಚೆ ಒಬ್ಬ ಹೆಂಗಸು ನಿಂತಿರುತ್ತಾಳೆ. ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು, ಮುಖ ಕಾಣುವುದಿಲ್ಲ. ಒಳಗೆ ಎಡೆ ಬಡಿಸಿದೆ, ಹೋಳಿಗೆಯ ವಾಸನೆ ಬಾಗಿಲತನಕ ಬರುತ್ತಿದೆ. ಆಕೆ ಒಳಗೆ ಕಾಲಿಡುವುದಿಲ್ಲ.

“ಬಾ ಅಂದ್ರ ಬರವಲ್ಲಳು, ಹೇಮಾ. ಹೆಸರ ಹಿಡದು ಕರಿ ಅಂತಾಳ. ಗೊತ್ತಿದ್ರಲ್ಲೇನ ಕರಿಯೂದು?”

ಆಕೆ ಯಾರೆಂಬ ಬಗ್ಗೆ ಅತ್ತೆಗೆ ಅನುಮಾನವಿರಲಿಲ್ಲ. ನನ್ನ ಗಂಡ ಮೈಲಾರಪ್ಪನ ಮುತ್ತಜ್ಜಿ, ಬ್ರಿಟಿಷರ ಕಾಲದಾಕೆ. ದಸರೆಗೆ ಮುಂಚಿನ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರ ಹಬ್ಬ. ತೀರಿಹೋದವರಿಗೆಲ್ಲ ಒಂದೊಂದು ಎಡೆ ಇಟ್ಟು, ಒಬ್ಬೊಬ್ಬರ ಹೆಸರು ಕರೆದು ಊಟಕ್ಕೆ ಎಬ್ಬಿಸುತ್ತೇವೆ. ಉಳಿದ ಎಲ್ಲರಿಗೂ ಹೆಸರಿದೆ. ಆಕೆಯೊಬ್ಬಳು ಮಾತ್ರ ಸವಣೂರವ್ವ. ಸೊಸೆಯನ್ನು ಅವಳು ಬಂದ ಊರಿನಿಂದ ಕರೆಯುವುದು ನಮ್ಮ ಕಡೆ ರೂಢಿ. ಸವಣೂರಿನಿಂದ ಬಂದವಳು ಸವಣೂರವ್ವ ಆದಳು, ಅಷ್ಟೇ.

“ಸವಣೂರವ್ವಾ ಅಂದ್ರ ಅರ್ಧಾ ಹಾನಗಲ್ಲ ತಿರಗಿ ನೋಡತೈತಿ” ಎಂದರು ಅತ್ತೆ. “ಆಕಿ ಇಷ್ಟು ವರ್ಷ ಹಸದು ನಿಂತಾಳ. ಎಡಿ ಇಟ್ಟ ನಾನ ಆಕಿನ್ನ ಉಪಾಸ ಕೆಡವಿದಂಗಾತು. ಈ ಹಬ್ಬಕ್ಕಾದ್ರೂ ಆಕಿ ಹೆಸರು ಬೇಕು ನನಗ.” ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮೈಲಾರಪ್ಪ ನಕ್ಕ. “ಸತ್ತಾಕಿಗೆ ಆಧಾರ್ ಕಾರ್ಡ್ ಮಾಡಸ್ತೀರೇನು?” ಎಂದ. ನನಗೆ ಅತ್ತೆಯ ಕನಸಿನ ಮೇಲೆ ಅಂಥ ನಂಬಿಕೆಯೇನೂ ಇರಲಿಲ್ಲ, ಆದರೆ ಅವನ ನಗು ಕಂಡು ಮೈ ಉರಿಯಿತು. ರಕ್ತ ಅವನದು, ಚಿಂತೆ ಮಾತ್ರ ಬೇರೆ ಬೇರೆ ಊರಿಂದ ಬಂದ ನಮ್ಮಿಬ್ಬರದು! ಹಬ್ಬಕ್ಕೆಂದು ಹೊಲಿಯಲು ಬಂದಿದ್ದ ಜಂಪರುಗಳನ್ನೆಲ್ಲ ಗಂಟು ಕಟ್ಟಿ ಮೂಲೆಗೆ ಒಗೆದು, “ನಡೀರಿ ಅತ್ತಿ, ಸವಣೂರಿಗೆ ಹೋಗೂಣು” ಎಂದೆ. ಹೇಗೂ ಹೆಂಗಸರಿಗೆ ಬಸ್ಸು ಪುಕ್ಕಟೆ.

ಮೈಲಾರಪ್ಪನ ಮುತ್ತಜ್ಜ ವೀಳ್ಯದೆಲೆಯ ವ್ಯಾಪಾರಕ್ಕೆ ಸವಣೂರಿಗೆ ಹೋಗಿಬರುತ್ತಿದ್ದನೆಂಬುದು ಮನೆಯ ಮಾತು. ಹಾಗಾಗಿ ಸೀದಾ ಎಲೆತೋಟಗಳಿಗೇ ಹೋದೆವು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಬಳ್ಳಿಗಳ ಸಾಲಿನೊಳಗೆ ಕಾಲಿಟ್ಟದ್ದೇ ತಂಪು. ಬೆಳಕೂ ಹಸಿರು, ಅತ್ತೆಯ ಬಿಳಿ ಕೂದಲೂ ಹಸಿರು. ಮಾತಾಡಿದರೆ ಆ ತಂಪು ಒಡೆದುಹೋಗುತ್ತದೆ ಅನ್ನಿಸಿ ಇಬ್ಬರೂ ಬಾಯಿ ಮುಚ್ಚಿಕೊಂಡು ನಡೆದೆವು. ಸಾಲಿನ ಕೊನೆಯಲ್ಲಿ ಗೌಸಬಿ ಎಂಬ ಮುದುಕಿ ಎಲೆ ಜೋಡಿಸುತ್ತ ಕೂತಿದ್ದರು. ತೋಟ ಅವರ ಮನೆತನದ್ದೇ.

ನಾವು ಬಂದ ಕಾರಣ ಹೇಳಿದೆವು.

“ಹಾನಗಲ್ಲಕ್ಕ ಉಡಿಕಿ ಆಗಿ ಹೋದಾಕಿ ಏನ್ರಿ?” ಎಂದು ಕೇಳಿದರು ಗೌಸಬಿ.

ಉಡಿಕೆಯೆಂದರೆ ವಿಧವೆಯ ಮರುಮದುವೆ. ಅತ್ತೆ ನನ್ನ ಮುಖ ನೋಡಿದರು. ಈ ಸಂಗತಿಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

“ನಮ್ಮ ದಾದಿ, ಅಂದ್ರ ನಮ್ಮಪ್ಪನ ಅವ್ವ, ಆಕಿ ಜೋಡಿ ಎಲಿ ಕೊಯ್ತಿದ್ಲಂತ್ರಿ. ಇಬ್ಬರೂ ಒಂದ ಗಂಗಾಳದಾಗ ಉಣ್ತಿದ್ರಂತ. ಅಗೋ, ಆ ಮೂಲಿಗೆ ಈಗೂ ಹಿರೇಕೆರೂರಾಕಿ ಮೂಲಿ ಅಂತೇವಿ.”

“ಹೆಸರೇನಿತ್ರಿ?” ಎಂದೆ.

“ಹೇಳಿದ್ನೆಲ್ರಿ, ಹಿರೇಕೆರೂರಾಕಿ.”

ನನಗೆ ನಗುವುದೋ ತಲೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ. ಸವಣೂರವ್ವ ಸವಣೂರಿನವಳೇ ಅಲ್ಲ! ಗೌಸಬಿ ಎಲೆಯ ಒಂದು ಕಟ್ಟನ್ನು ಅತ್ತೆಯ ಉಡಿಗೆ ಹಾಕಿ, “ನಿಮ್ಮಾಕಿ ನಮ್ಮಾಕಿನೂ ಹೌದವಾ” ಎಂದು ಕಳಿಸಿಕೊಟ್ಟರು.

ಮುಂದಿನ ವಾರ ಹಿರೇಕೆರೂರು. ಕೇಳುತ್ತ ಕೇಳುತ್ತ ಕೆರೆಯ ಹತ್ತಿರ ಲಕ್ಕಪ್ಪಜ್ಜನ ಮನೆಗೆ ಮುಟ್ಟಿದೆವು. ಸವಣೂರಿಗೆ ಹೋದ ವಿಧವೆ ಎಂದೊಡನೆ ಅಜ್ಜ ನೆಟ್ಟಗಾಗಿ ಕೂತರು.

“ಪ್ಲೇಗಿನ್ಯಾಗ ಗಂಡ, ಅತ್ತಿ, ಮಾವ ಎಲ್ಲಾ ಹೋದ್ರು. ಊರ ಮಂದಿ ಹೊಲದಾಗ ಗುಡಸಲಾ ಹಾಕ್ಕೊಂಡಿದ್ರು. ಈಕಿ ಬರಲಿಲ್ಲಂತ. ದಿನಾ ಮುಚ್ಚಂಜಿಗೆ ಖಾಲಿ ಊರಾಗ ಒಬ್ಬಾಕಿನ ಅಡ್ಡಾಡಿ ಮನಿಮನಿಗೆ ದೀಪ ಹಚ್ಚಿ ಬರ್ತಿದ್ಲಂತ. ಹೊಲದಾಗಿನ ಮಂದಿಗೆ ತಮ್ಮ ಮನಿ ಕಾಣ್ಲಿ, ತಿರಗಿ ಬರೂ ಮನಸಾಗ್ಲಿ ಅಂತ. ನಮ್ಮಮ್ಮ ಸಣ್ಣಾಕಿದ್ದಾಗ ಆ ದೀಪ ನೋಡ್ಯಾಳ್ರಿ.”

“ಆಕಿ ಹೆಸರು?” ಎಂದರು ಅತ್ತೆ.

“ಶಿಗ್ಗಾವಿಯಾಕಿ ಅಂತಿದ್ರು.”

ಊರಿಗೆ ಊರೇ ಆಕೆ ಹಚ್ಚಿದ ದೀಪ ನೋಡಿದೆ, ಹೆಸರು ಕೇಳಿದವರು ಒಬ್ಬರೂ ಇಲ್ಲ. ಸಿಟ್ಟು ಬಂತು ನನಗೆ, ಯಾರ ಮೇಲೆ ಎಂದು ಹೇಳಲಾರೆ. ಬಸ್ಸಿನಲ್ಲಿ ಅತ್ತೆಯ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋದೆ. ಕನಸಿನಲ್ಲಿ ಬಾಗಿಲು ತೆರೆದ ಓಣಿಗಳು, ಯಾರೂ ಇಲ್ಲದ ಕಟ್ಟೆಗಳು. ಮುಂದೆ ಒಬ್ಬಳು ಎಣ್ಣೆಯ ಬಟ್ಟಲು ಹಿಡಿದು ನಡೆಯುತ್ತಿದ್ದಾಳೆ. ಅವಳು ದಾಟಿದ ಮನೆಯ ಗೂಡಿನಲ್ಲಿ ದೀಪ ಏಳುತ್ತದೆ. ಕರೆಯಬೇಕೆಂದು ಬಾಯಿ ತೆರೆದೆ. ಏನೆಂದು ಕರೆಯುವುದು? ಎಚ್ಚರಾದಾಗ ಹೊರಗೆ ಗೋವಿನಜೋಳದ ಹೊಲ ಓಡುತ್ತಿತ್ತು. ಅತ್ತೆಯ ಕನಸು ನನಗೂ ಅಂಟಿತ್ತು.

ಶಿಗ್ಗಾವಿ ಕೊನೆಯದು. ತವರಿನಲ್ಲಿ ಮಗಳಿಗೆ ಊರ ಹೆಸರು ಇರುವುದಿಲ್ಲ, ಅವಳದೇ ಹೆಸರಿರುತ್ತದೆ ಎಂದು ನಾವಿಬ್ಬರೂ ಗಟ್ಟಿ ನಂಬಿದ್ದೆವು. ಲಕ್ಕಪ್ಪಜ್ಜ ಹೇಳಿದ ಮನೆತನ ಸಿಕ್ಕಿತು. ಯಜಮಾನ ಉಳಿವೆಪ್ಪನವರು ಮಂಡಕ್ಕಿ ಒಗ್ಗರಣೆ, ಚಹಾ ಕೊಟ್ಟು ಕೂಡಿಸಿದರು. ಹಿರೇಕೆರೂರಿಗೆ ಕೊಟ್ಟ ಹುಡುಗಿಯ ಕತೆ ಅವರಿಗೆ ಗೊತ್ತಿತ್ತು.

“ನಮ್ಮ ಮುತ್ಯಾನ ತಂಗಿ ಆಕಿ. ಕೂಸು ಅಂತಿದ್ರು.”

“ಅದು ಮುದ್ದಿಗೆ ಕರಿಯೂದಾತ್ರಿ. ಖರೇ ಹೆಸರು?”

“ಇರಲಿಲ್ರಿ ತಾಯಿ. ಹಡದಾಕಿ ಬಾಣಂತನದಾಗ ಸತ್ಲು. ತೊಟ್ಟಿಲಕ್ಕ ಹಾಕಿ ಹೆಸರಿಡಾಕ ಯಾರಿಗೂ ಮನಸ ಬರಲಿಲ್ಲ. ನಡಿಯಾಕ ಬರೂದ್ರಾಗ ಲಗ್ನಾ ಮಾಡಿ ಕೊಟ್ರು. ಹೆಂಗೂ ಗಂಡನ ಮನ್ಯಾಗ ಬ್ಯಾರೆ ಹೆಸರು ಇಡ್ತಾರಲ್ಲ ಅಂದ್ರಂತ.”

ಅತ್ತೆ ಚಹಾದ ಬಟ್ಟಲನ್ನು ಕೆಳಗಿಟ್ಟರು. ಹಿಂದಿರುಗುವ ದಾರಿಯುದ್ದಕ್ಕೂ ನನಗೆ ಅವರ ಕಡೆ ನೋಡುವ ಧೈರ್ಯವಿರಲಿಲ್ಲ.

ಹಿರಿಯರ ಹಬ್ಬದ ದಿನ ಮಧ್ಯಾಹ್ನ ಎಡೆಗಳನ್ನು ಸಾಲಾಗಿ ಇಟ್ಟೆವು. ಊದಿನಕಡ್ಡಿಯ ಹೊಗೆಯಲ್ಲಿ ಪಡಸಾಲೆ ಮಸುಕಾಗಿ, ಮನೆಯೇ ಅರೆನಿದ್ದೆಯಲ್ಲಿದ್ದ ಹಾಗಿತ್ತು. ಮೈಲಾರಪ್ಪ ಒಬ್ಬೊಬ್ಬರನ್ನೇ ಕರೆದು ಕೈಮುಗಿಯುತ್ತ ಬಂದು, “ಸವಣೂರವ್ವ...” ಎನ್ನುವಷ್ಟರಲ್ಲಿ ಅತ್ತೆ ಅವನನ್ನು ಬದಿಗೆ ಸರಿಸಿದರು.

“ಸರಿ ಆಚೆ. ನನ್ನ ಕಡೆ ಒಂದು ಹೆಸರು ಖಾಲಿ ಬಿದ್ದೈತಿ. ಅದನ್ನ ಆಕಿಗೆ ಇಡ್ತೇನಿ.”

“ಯಾವುದ್ರಿ? ಮಂಜವ್ವ ಅಂತನ?” ಎಂದೆ.

“ಅದು ಈ ಮನಿಯವರು ಇಟ್ಟಿದ್ದು. ನಮ್ಮವ್ವ ಇಟ್ಟಿದ್ದು ಸ್ಯಾವಂತ್ರೆವ್ವ. ಹಲ್ಲಿಲ್ಲದ ನಮ್ಮತ್ತಿಗೆ ಅದು ಅನ್ನಾಕ ಬರಲಿಲ್ಲ, ಮಂಜವ್ವ ಮಾಡಿದ್ರು. ತವರಾಗ ಹಂಗ ಕರಿಯೋರೂ ಒಬ್ಬೊಬ್ಬರ ಹೋದ್ರು.”

ನನ್ನ ಮದುವೆಯಲ್ಲಿ ಹೆಸರು ಬದಲಿಸುವ ಮಾತೆದ್ದಾಗ “ಬ್ಯಾಡ, ಹೇಮಾ ಹೇಮಾನ ಇರಲಿ” ಎಂದು ಜಗಳ ತೆಗೆದವರು ಇವರೇ. ಆಗ ನನಗೆ ಅದು ಬರೀ ಹಟ ಅನ್ನಿಸಿತ್ತು.

ಕೂಸಿಗೆ ಹೆಸರಿಡುವಾಗ ಸೋದರತ್ತೆಯಾದವಳು ಅದರ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು, ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ. ನಮ್ಮ ಅತ್ತೆ ಮೊಣಕಾಲೂರಿ, ಎಡೆಯ ಮೇಲೆ ಬಾಗಿ, ಯಾರದೋ ಪುಟ್ಟ ಕಿವಿಗೆ ಬಾಯಿ ಹಚ್ಚಿದವರಂತೆ ಹೇಳಿದರು:

“ಕುರ್ರ್... ಸ್ಯಾವಂತ್ರೆವ್ವ.”

ನಾನು ಬೆನ್ನಿಗೊಂದು ಗುದ್ದಿದೆ. ಅತ್ತೆಯ ಬೆನ್ನಿಗೆ ಗುದ್ದುವ ಭಾಗ್ಯ ಎಷ್ಟು ಸೊಸೆಯರಿಗೆ ಸಿಕ್ಕೀತು! ಆದರೆ ಆ ಬೆನ್ನು ಅಳುವಿನಿಂದ ಅಲುಗಾಡುತ್ತಿತ್ತು. ಜೋರಾಗಿ ಬಿತ್ತೇನೋ ಎಂದು ಗಾಬರಿಯಾದೆ.

“ಪೆಟ್ಟು ಹತ್ತಿಲ್ಲ ಬಿಡು” ಎಂದರು. “ಆ ಹೆಸರು ಕಿವಿಗೆ ಬಿದ್ದು ಎಷ್ಟು ಕಾಲಾತೋ. ನೀನೂ ಒಮ್ಮೆ ಕರದು ನೋಡು, ಆಕಿ ಬರ್ತಾಳೇನೋ.”

ನಾನು ತೆರೆದ ಬಾಗಿಲ ಕಡೆ ತಿರುಗಿ, ಓಣಿಗೆಲ್ಲ ಕೇಳುವ ಹಾಗೆ, “ಸ್ಯಾವಂತ್ರೆವ್ವಾ” ಎಂದು ಕರೆದೆ.

“ಓ” ಎಂದರು ಅತ್ತೆ.