ಗಾಳಿ ಬರೆಯದ ಕಾಗದ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಊರಿಗೆ ಊರೇ ಆ ಮಾತು ಕೇಳಿಯಾಗಿತ್ತು. ಎಲ್ಲರಿಗಿಂತ ಕೊನೆಗೆ ಕೇಳಿದವಳು ಅದನ್ನು ಆಡಿದವನ ಸ್ವಂತ ಅಕ್ಕ.

ಊರವರ ಬಾಯಲ್ಲಿ ಅವಳು ಟೈಲರಕ್ಕ. ಭಾನುವಾರದ ಪಂದ್ಯಕ್ಕೆ ಹದಿನಾಲ್ಕು ಜೆರ್ಸಿಗಳ ಬೆನ್ನಿಗೆ ನಂಬರು ಹೊಲಿಯುತ್ತ ಕೂತಿದ್ದಳು. ಬೇಕರಿಯವನ ಹೆಂಡತಿ ಒಳಗೆ ಬಂದು, ಕೈ ಗಿಡ್ಡ ಮಾಡಲು ಕೊಟ್ಟಿದ್ದ ಕೋಟನ್ನು ಗೂಟದಿಂದ ತಾನೇ ತೆಗೆದುಕೊಂಡಳು.

"ಇನ್ನೂ ಆಗಿಲ್ಲ ಕಣಮ್ಮ, ಸಂಜೆ ಬಾ."

"ಪರವಾಗಿಲ್ಲ ಬಿಡಿ. ಉದ್ದ ಇದ್ರೆ ಮಡಚಿಕೊಳ್ತಾರೆ."

ಹೊಸ್ತಿಲವರೆಗೆ ಹೋದವಳು ತಿರುಗಿ ಬಂದು ಫೋನು ಮುಂದೆ ಹಿಡಿದಳು. ಅದರಲ್ಲಿ ತಮ್ಮ ಇದ್ದ. ಟೈ ಕಟ್ಟಿಕೊಂಡು, ಟಿವಿ ಸ್ಟುಡಿಯೋದ ಎತ್ತರದ ಕುರ್ಚಿಯ ಮೇಲೆ.

ಆಡುವ ಕಾಲದಲ್ಲಿ ಅವನನ್ನು ಎಲ್ಲರೂ ಗಾಳಿ ಎಂದು ಕರೆಯುತ್ತಿದ್ದರು. ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ಇಡೀ ಗ್ಯಾಲರಿ ಎದ್ದು ನಿಂತು "ಗಾಳಿ ಬಂದಾಗ ತೂರಿಕೋ!" ಎಂದು ಕೂಗುತ್ತಿತ್ತು. ಹತ್ತೊಂಬತ್ತಕ್ಕೆ ಊರು ಬಿಟ್ಟು ದೊಡ್ಡ ದೊಡ್ಡ ಕ್ಲಬ್ಬುಗಳಿಗೆ ಆಡಿದ. ಮಂಡಿ ಕೈಕೊಟ್ಟ ಮೇಲೆ ಈಗ ಬೇರೆಯವರ ಆಟದ ಬಗ್ಗೆ ಮಾತಾಡುವುದೇ ಅವನ ಕೆಲಸ. ನಿಮ್ಮ ಹಳೇ ಕ್ಲಬ್ಬು ಕೆಳಗಿನ ದರ್ಜೆಗೆ ಬೀಳುವುದರಲ್ಲಿದೆ, ಹೋಗಿ ಕೋಚ್ ಆಗ್ತೀರಾ ಎಂದು ಯಾರೋ ಕೇಳಿದ್ದರು. ಅವನು ನಕ್ಕ.

"ಆ ಊರು ಸತ್ತು ಇಪ್ಪತ್ತು ವರ್ಷ ಆಯ್ತು. ಹೂಳೋಕೆ ಯಾರಿಗೂ ಪುರುಸೊತ್ತಾಗಿಲ್ಲ, ಅಷ್ಟೆ. ಒಂದು ಚೆಂಡು ಬಿಟ್ರೆ ತಾವು ಬದುಕಿದ್ದೀವಿ ಅನ್ನೋಕೆ ಅಲ್ಲಿನವರಿಗೆ ಬೇರೆ ಸಾಕ್ಷಿ ಇಲ್ಲ. ನನ್ನ ಮಕ್ಕಳಿಗೆ ಆ ಊರಿನ ನೆರಳೂ ಸೋಕದ ಹಾಗೆ ಬೆಳೆಸಿದ್ದೀನಿ."

ಟೈಲರಕ್ಕ ಪೆಡಲಿನಿಂದ ಕಾಲು ತೆಗೆದಳು. ಬೇಕರಿಯವಳು ಕೋಟನ್ನು ಎದೆಗವಚಿಕೊಂಡು, "ನಿಮ್ಮನ್ನಲ್ಲಕ್ಕ ನಾನು ಅನ್ನೋದು," ಎಂದು ಹೊರಟುಹೋದಳು. ಅವಳು ಏನನ್ನೂ ಅಂದೇ ಇರಲಿಲ್ಲ.

ಮಧ್ಯಾಹ್ನದೊಳಗೆ ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆದಿದ್ದ ಅವನ ಚಿತ್ರದ ಮುಖಕ್ಕೆ ಯಾರೋ ಟಾರು ಬಳಿದರು. ಶಾಲೆಯ ಗುಮಾಸ್ತ ಬಂದು ಸಮವಸ್ತ್ರದ ಬಟ್ಟೆಯ ಗಂಟನ್ನು ವಾಪಸು ಒಯ್ದ. ಮೂರಕ್ಕೆ ಗಂಡ ಬಂದ. ಅದು ಅವನು ಮನೆಗೆ ಬರುವ ಹೊತ್ತಲ್ಲ. ಇಪ್ಪತ್ತೆರಡು ವರ್ಷದಿಂದ ಮೈದಾನ ನೋಡಿಕೊಳ್ಳುವವನು ಅವನೇ. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಪಂದ್ಯದ ದಿನ ಸುಣ್ಣದ ಗೆರೆ ಎಳೆಯುವುದು. ಬಂದವನು ಚಪ್ಪಲಿ ಕಳಚದೆ ಸ್ಟೂಲಿನ ಮೇಲೆ ಕೂತ.

"ಕಾರ್ಯದರ್ಶಿ ಕರೆದಿದ್ರು. ಭಾನುವಾರ ನೀವು ಬರಬೇಡಿ, ಜನ ಏನಾದ್ರೂ ಮಾಡಿಬಿಟ್ರೆ ನಾನು ಹೊಣೆ ಅಲ್ಲ ಅಂದ್ರು."

"ನೀವೇನು ಮಾಡಿದ್ದೀರಿ?"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ." ನಗಲು ನೋಡಿದ, ಆಗಲಿಲ್ಲ. "ಮುಂದಿನ ಭಾನುವಾರದ್ದೂ ಆಮೇಲೆ ನೋಡೋಣ ಅಂದ್ರು ಕಣೇ."

ಮಾರನೆಯ ದಿನ ವೆಲ್ಡರ್ ಬಂದ, ಹಿಂದೆ ಏಳೆಂಟು ಜನ. ಗ್ಯಾಲರಿಯ ಮುಂದಾಳು ಅವನು. ಡ್ರಮ್ಮು ಅವನದು, ಕೂಗು ಎತ್ತಿಕೊಡುವುದೂ ಅವನೇ. ತಮ್ಮನ ಓರಗೆಯವನು. ಒಂದೇ ಜೋಡಿ ಬೂಟಿನಲ್ಲಿ ಸರದಿಯ ಮೇಲೆ ಆಡಿದವರು ಅವರಿಬ್ಬರು. ಅಂಗಡಿಯಲ್ಲಿ ಅಷ್ಟು ಜನರಿಗೆ ಜಾಗ ಸಾಲದೆ ಅರ್ಧ ಮಂದಿ ಬೀದಿಯಲ್ಲೇ ನಿಂತರು.

"ಅಕ್ಕ, ಅವನು ಆಟ ಬರಲ್ಲ ಅನ್ನಬಹುದಿತ್ತು. ರಸ್ತೆ ಸರಿಯಿಲ್ಲ, ಆಸ್ಪತ್ರೆ ಸರಿಯಿಲ್ಲ, ಎಲ್ಲ ಅನ್ನಬಹುದಿತ್ತು. ನಾವೇ ದಿನಾ ಅನ್ನಲ್ವಾ? ಸತ್ತಿದೆ ಅಂದುಬಿಟ್ನಲ್ಲ. ನಾನು ದಿನಾ ಎದ್ದು ಕೆಲಸಕ್ಕೆ ಹೋಗ್ತಿದ್ದೀನಿ. ನಾನು ಸತ್ತಿದ್ದೀನಾ?"

ಅವನ ಕಣ್ಣು ಕೆಂಪಾಗಿತ್ತು. ಬೆಂಕಿ ನೋಡಿ ನೋಡಿ ಅವನ ಕಣ್ಣು ಯಾವಾಗಲೂ ಹಾಗೇ ಇರುತ್ತಿತ್ತು. ಇಂದಿನದು ಬೇರೆ ಎಂದು ಅವಳಿಗೆ ತಿಳಿಯಿತು.

"ನಾನೇನು ಮಾಡಲಿ ಹೇಳಪ್ಪ."

"ಒಂದು ಮಾತು ಹೇಳಿಸು. ತಪ್ಪಾಯ್ತು ಅನ್ನೋದೂ ಬೇಡ. ನಾಲಗೆ ಜಾರಿತು ಅಂದ್ರೆ ಸಾಕು. ಭಾನುವಾರ ಮ್ಯಾಚಿಗೆ ಮೊದಲು ಮೈಕಿನಲ್ಲಿ ಹಾಕಿಬಿಡ್ತೀವಿ. ಹುಡುಗರಿಗೆ ಕಾಲೇ ಏಳ್ತಿಲ್ಲ ಅಕ್ಕ. ಈ ಮ್ಯಾಚು ಸೋತ್ರೆ ಬಿದ್ದೋದ್ವಿ. ಆಮೇಲೆ ಈ ಊರಲ್ಲಿ ಏನಿದೆ?"

ಟೈರ್ ಕಾರ್ಖಾನೆ ಮುಚ್ಚಿದ ಮೇಲೆ ಪೇಟೆಯ ಅರ್ಧ ಅಂಗಡಿಗಳ ಶಟರು ಮೇಲೆದ್ದಿಲ್ಲ.

ಅವರು ಹೋದ ಮೇಲೆ ಅವಳು ತಮ್ಮನಿಗೆ ಫೋನು ಮಾಡಿದಳು. ಆರನೇ ಸಲಕ್ಕೆ ಎತ್ತಿದ.

"ಗೊತ್ತು ಅಕ್ಕ ಯಾಕೆ ಮಾಡಿದ್ದೀಯ ಅಂತ. ಕ್ಷಮೆ ಕೇಳಲ್ಲ."

"ಕ್ಷಮೆ ಬೇಡ ಕಣೋ. ನಾಲಗೆ ಜಾರಿತು ಅನ್ನು."

"ಜಾರಿಲ್ಲ. ಮೂವತ್ತು ವರ್ಷ ಹಲ್ಲು ಕಚ್ಚಿ ಹಿಡ್ಕೊಂಡಿದ್ದ ಮಾತು ಅದು. ಅಪ್ಪನ್ನ ಆ ಟೈರ್ ಕಾರ್ಖಾನೆ ಬಾಯ್ಲರು ಸುಟ್ಟಾಗ ನನಗೆ ಹನ್ನೊಂದು. ಹೆಣ ಒಳಗಿತ್ತು. ಬೀದಿಯಲ್ಲಿ ಗೆದ್ದ ಕಪ್ಪು ಹೊತ್ಕೊಂಡು ಮೆರವಣಿಗೆ ಮಾಡ್ತಿದ್ರು. ಡ್ರಮ್ಮು ಬಡೀತಾ, ಕುಣೀತಾ."

"ನಮ್ಮ ಮನೆ ಮುಂದೆ ಬಂದಾಗ ನಿಲ್ಲಿಸಿದ್ರು. ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡು ಹೋದ್ರು. ನಾನು ಬಾಗಿಲಲ್ಲೇ ಇದ್ದೆ."

"ನಿಲ್ಲಿಸಲಿಲ್ಲ ಅಕ್ಕ."

"ನಿಲ್ಲಿಸಿದ್ರು ಕಣೋ."

ಅವನು ಆಗ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ ಕಿವಿ ಮುಚ್ಚಿಕೊಂಡು ಕೂತಿದ್ದ ಎಂದು ಅವಳಿಗೆ ನೆನಪು. ಆದರೆ ಮೆರವಣಿಗೆ ತಿರುವು ದಾಟಿದೊಡನೆ ಡ್ರಮ್ಮು ಮತ್ತೆ ಶುರುವಾಗಿತ್ತು ಎಂಬುದೂ ಅವಳಿಗೆ ನೆನಪಿತ್ತು. ಅದನ್ನು ಅವಳು ಹೇಳಲಿಲ್ಲ.

"ನೀನು ಹೇಳಿದ್ದು ನಿಜವೇ ಇರಬಹುದು," ಎಂದಳು. "ನಿಜ ಹೇಳಿ ನೀನು ಅಲ್ಲಿ ಕೂತಿದ್ದೀಯ. ನಾನು ಇಲ್ಲಿದ್ದೀನಲ್ಲೋ."

"ಅದಕ್ಕೇ ಹೇಳಿದ್ದು, ಬಂದುಬಿಡು ಅಂತ. ಭಾವನನ್ನೂ ಕರ್ಕೊಂಡು ಬಾ." ಹಿಂದಿನಿಂದ ಯಾರೋ ಅವನನ್ನು ಕರೆದರು. ಫೋನು ಇಟ್ಟುಬಿಟ್ಟ.

ಶನಿವಾರ ಇಡೀ ದಿನ ಗಿರಾಕಿ ಬರಲಿಲ್ಲ. ಎದುರಿನ ಹಾಲಿನಂಗಡಿಯವನು ಅವಳನ್ನು ಕಂಡರೂ ಕಾಣದವನಂತೆ ಕ್ಯಾನು ಒರೆಸುತ್ತ ನಿಂತ. ಗಂಡ ಒಳಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದ, ನಿದ್ದೆ ಇರಲಿಲ್ಲ. ಸಂಜೆ ಅವಳು ಕತ್ತರಿಸುವ ಮೇಜಿನ ಮೇಲಿದ್ದ ಚಿಂದಿಗಳನ್ನು ಬದಿಗೆ ಸರಿಸಿ, ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದಳು.

ಏನು ಬರೆಯುತ್ತಿದ್ದಾಳೆಂದು ಗಂಡ ಬಂದು ಹೆಗಲ ಮೇಲಿನಿಂದ ನೋಡಿದ. ಎರಡು ಸಾಲು ಓದಿದವನೇ ಹಾಳೆಯ ಮೇಲೆ ಕೈ ಅಡ್ಡ ಇಟ್ಟ.

"ಬೇಡ ಕಣೇ. ಸುಳ್ಳಿಗೆ ಕಾಲಿಲ್ಲ."

"ಕಾಲಿದ್ದವನು ಓಡಿ ಹೋಗಿದ್ದಾನಲ್ಲ," ಎಂದಳು ತಲೆ ಎತ್ತದೆ. "ಒಂದು ದಿನ ನಿಂತರೆ ಸಾಕು ಈ ಸುಳ್ಳು. ನಾಳೆ ಒಂದು ದಿನ. ನೀವು ಗೆರೆ ಎಳೀಬೇಕು."

ಭಾನುವಾರ ವೆಲ್ಡರ್ ಅವಳ ಕೈಗೆ ಮೈಕು ಕೊಟ್ಟಾಗ ಗ್ಯಾಲರಿಯಿಂದ ಕೂಗು, ಸಿಳ್ಳೆ. ಯಾರೋ ಎಸೆದ ಬಾಟಲಿ ಅವಳ ಕಾಲ ಬಳಿ ಬಿತ್ತು. "ತಮ್ಮ ಬರೆದು ಕಳಿಸಿದ್ದು," ಎಂದು ಅವಳು ಓದತೊಡಗಿದಳು. ಓದುತ್ತ ಓದುತ್ತ ಅದು ತಮ್ಮನ ದನಿಯೇ ಆಗಿಬಿಟ್ಟಿತು.

"ಅಣ್ಣಂದಿರೇ, ತಮ್ಮಂದಿರೇ. ಸಿಟ್ಟಿನಲ್ಲಿ ಮನೆಯವರಿಗೆ ಬೈಯುವ ಹಾಗೆ ಬೈದುಬಿಟ್ಟೆ. ದೂರ ಹೋದವನಿಗೆ ಊರು ಸತ್ತಂತೆ ಕಾಣುತ್ತದೆ, ಯಾಕೆಂದರೆ ಅಲ್ಲಿ ತಾನು ಇರುವುದಿಲ್ಲ. ಇವತ್ತಿಗೂ ನಿದ್ದೆಯಲ್ಲಿ ಆಡುವುದು ನಿಮ್ಮ ಮುಂದೆಯೇ. ನನ್ನನ್ನು ಬೈಯಿರಿ, ಆದರೆ ಈ ಹುಡುಗರಿಗೆ ಕೂಗಿ. ನನಗೆ ಕೂಗಿದ ಹಾಗೆ ಕೂಗಿ."

ಮೈದಾನ ತಣ್ಣಗಾಯಿತು. ಮೇಲಿನ ಸಾಲಿನಲ್ಲಿ ಒಬ್ಬ ಮುದುಕ ಕರವಸ್ತ್ರ ತೆಗೆದ. ಎಲ್ಲೋ ಒಂದು ಗಂಟಲು ಒಡಕು ದನಿಯಲ್ಲಿ "ಗಾಳಿ ಬಂದಾಗ" ಎಂದಿತು. ಮುಗಿಸುವ ಮೊದಲೇ ಸಾವಿರ ಗಂಟಲು ಜೊತೆಗೂಡಿದವು. ವೆಲ್ಡರ್ ಡ್ರಮ್ಮಿನ ಮೇಲೆ ತಲೆಯಿಟ್ಟು ಅಳುತ್ತಿದ್ದ. ಕಾರ್ಯದರ್ಶಿ ಸ್ವತಃ ಗಂಡನ ಹೆಗಲ ಮೇಲೆ ಕೈಹಾಕಿ, ಇನ್ನೊಬ್ಬ ಎಳೆದಿದ್ದ ಸೊಟ್ಟ ಗೆರೆಯನ್ನು ತೋರಿಸಿ, "ಸ್ವಲ್ಪ ಸರಿಮಾಡಿಬಿಡಿ" ಎಂದರು.

ಟೀಮು ಮೂರು ಗೋಲಿನಿಂದ ಸೋತಿತು. ಕೆಳಗಿನ ದರ್ಜೆಗೆ ಬಿತ್ತು. ಆದರೂ ಆ ಸಂಜೆ ಜನ ಹೆಗಲ ಮೇಲೆ ಕೈಹಾಕಿಕೊಂಡು, ಸತ್ತವರ ಮನೆಯಿಂದ ಹಿಂತಿರುಗುವ ನೆಂಟರ ಹಾಗೆ ಒಟ್ಟಿಗೇ ನಡೆದು ಹೋದರು. ಸೋಮವಾರ ಬೆಳಿಗ್ಗೆ ಗುಮಾಸ್ತ ಬಟ್ಟೆಯ ಗಂಟನ್ನು ತಾನೇ ಹೊತ್ತು ತಂದ.

ಸುಳ್ಳು ನಿಂತದ್ದು ಎರಡು ದಿನ.

ಅವಳು ಓದಿದ್ದನ್ನು ಎಷ್ಟೋ ಜನ ಫೋನಿನಲ್ಲಿ ಹಿಡಿದಿದ್ದರು. ಪ್ರೀತಿಯಿಂದಲೇ ಹಿಡಿದಿದ್ದರು, ಪ್ರೀತಿಯಿಂದಲೇ ಎಲ್ಲೆಡೆ ಕಳಿಸಿದರು. ಮಂಗಳವಾರ ಅದು ಅವನ ಸ್ಟುಡಿಯೋ ತಲುಪಿತು. ಅವನ ಮುಂದೆಯೇ ತೋರಿಸಿದರು. ಬಣ್ಣ ಮಾಸಿದ ಕೋಟು ತೊಟ್ಟು, ಎರಡೂ ಕೈಯಲ್ಲಿ ಹಾಳೆ ಹಿಡಿದು, ಮೈಕಿನ ಮುಂದೆ ನಡುಗುತ್ತಿದ್ದ ಅಕ್ಕನನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಓದ್ತಿರೋಳು ನನ್ನ ಅಕ್ಕ. ಆ ಕಾಗದ ನನ್ನದಲ್ಲ," ಎಂದ. "ಅವಳನ್ನ ಹೆದರಿಸಿ ಓದಿಸಿದ್ದಾರೆ. ಆ ಬಾಟಲಿ ನೋಡಿದ್ರಲ್ಲ? ನಾನು ಹೇಳಿದ್ದು ಇಂಥ ಊರಿನ ಬಗ್ಗೆಯೇ."

ಅವಳ ಪರವಾಗಿ ಸಿಟ್ಟಾಗಿದ್ದ, ಪಾಪ. ಆ ಸಿಟ್ಟೇ ಅವಳ ಮನೆಗೆ ಬೆಂಕಿಯಿಟ್ಟಿತು.

ಈ ಸಲ ಯಾರೂ ಟಾರು ಬಳಿಯಲಿಲ್ಲ, ಕೂಗಲಿಲ್ಲ. ಗುಮಾಸ್ತ ಬಂದು ಗಂಟು ಎತ್ತಿಕೊಂಡು ಹೋದ, ಅಷ್ಟೆ. ಗಂಡನ ಕೈಯಿಂದ ಮೈದಾನದ ಬೀಗದ ಕೈ ಇಸಿದುಕೊಳ್ಳುವಾಗ ಕಾರ್ಯದರ್ಶಿ ಕಣ್ಣೆತ್ತಿ ನೋಡಲಿಲ್ಲವಂತೆ. ಬೀದಿಯಲ್ಲಿ ಅವಳು ನಡೆದರೆ ಮಾತು ನಿಲ್ಲುತ್ತಿತ್ತು. ಕಲ್ಲು ಬೀಳುತ್ತದೇನೋ ಎಂದು ಎರಡು ದಿನ ಕಿಟಕಿಗೆ ಹಲಗೆ ಅಡ್ಡ ಇಟ್ಟಿದ್ದಳು. ಕಲ್ಲಾದರೂ ಬೀಳಬಾರದೇ ಎಂದು ಮೂರನೆಯ ದಿನ ಅನ್ನಿಸಿತು.

ತಮ್ಮನಿಗೆ ಫೋನು ಮಾಡಿ, ಯಾರೂ ಹೆದರಿಸಲಿಲ್ಲ ಕಣೋ, ನಾನೇ ಬರೆದದ್ದು ಎಂದಳು.

"ಪಕ್ಕದಲ್ಲಿ ಯಾರಿದ್ದಾರೆ ಅಕ್ಕ? ಯಾರು ಹೇಳಿಸ್ತಿದ್ದಾರೆ?" ಎಂದು ಅವನು ಕೇಳಿದ.

ಅವಳು ಫೋನನ್ನು ಮೇಜಿನ ಮೇಲೆ ಮಗುಚಿಟ್ಟು, ಅಂಗಿಯ ತೋಳಿನಲ್ಲೇ ಬಾಯಿ ಒತ್ತಿಕೊಂಡು ಅತ್ತಳು.

ಶುಕ್ರವಾರ ವೆಲ್ಡರ್ ಒಬ್ಬನೇ ಬಂದ. ಒಳಗೆ ಕಾಲಿಡಲಿಲ್ಲ.

"ನಾವು ನಿನ್ನನ್ನ ಹೆದರಿಸಿದ್ವಾ ಅಕ್ಕ?"

"ಇಲ್ಲಪ್ಪ."

"ಕಾಗದ ಅವನದಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ಶಾಲೆಯಲ್ಲಿ ಅವನ ಪಕ್ಕ ಕೂತಿದ್ದೋನು ನಾನು. ನೆಟ್ಟಗೆ ಎರಡು ಸಾಲು ಬರೆದವನಲ್ಲ ಅವನು. ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು."

"ಮತ್ತೆ ಯಾಕಪ್ಪ..."

"ಬೇಕಾಗಿತ್ತು. ಅಷ್ಟೆ." ಬಾಗಿಲ ಚೌಕಟ್ಟನ್ನು ಹೆಬ್ಬೆರಳಿನಿಂದ ಕೆರೆಯುತ್ತ ನಿಂತ. "ನೀನು ಸುಳ್ಳು ಹೇಳಿದ್ದಕ್ಕಲ್ಲ ನಮಗೆ ಸಿಟ್ಟು. ನಾವು ನಂಬಿದ ಹಾಗೆ ಮಾಡಿದ್ವಿ, ಅವನು ಸುಮ್ಮನಿದ್ದಿದ್ರೆ ಸಾಕಾಗಿತ್ತು. ಅಷ್ಟೂ ಮಾಡಲಿಲ್ಲ. ಈಗ ನಿನ್ನ ಮುಖ ನೋಡಿದ್ರೆ ಎಲ್ಲರಿಗೂ ಅದೇ ನೆನಪಾಗತ್ತೆ. ಅವನ ಹತ್ರ ಹೋಗಿಬಿಡು ಅಕ್ಕ. ಇಲ್ಲಿ ಹೇಗೆ ಬದುಕ್ತೀಯ?"

"ಹೋದ್ರೆ ಅವನು ಹೇಳಿದ್ದು ನಿಜ ಅಂತ ಆಗಲ್ವಾ?"

ಅವನು ಚೌಕಟ್ಟಿನಿಂದ ಕೈ ತೆಗೆದು ಹೊರಟುಹೋದ.

ಸೀಸನ್ನಿನ ಕೊನೆಯ ಪಂದ್ಯ ಆ ಭಾನುವಾರ. ಗೆದ್ದರೂ ಸೋತರೂ ಒಂದೇ, ಬಿದ್ದದ್ದು ಬಿದ್ದಾಗಿತ್ತು. ಟೈಲರಕ್ಕ ಗಂಡನನ್ನು ಎಬ್ಬಿಸಿ, ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು.

"ಎಲ್ಲಿಗೆ?"

"ಮ್ಯಾಚಿಗೆ."

"ಹೊಡೀತಾರೆ ಕಣೇ."

"ಹೊಡೀಲಿ. ಮನೇಲಿ ಕೂತು ಸಾಯೋಕೆ ನನ್ನ ಕೈಲಾಗಲ್ಲ."

ಗೇಟಿನವನು ಟಿಕೆಟು ಹರಿದು ಕೊಟ್ಟ. ಇಷ್ಟು ವರ್ಷ ಗೋಲು ಕಂಬದ ಹಿಂದೆ ನಿಂತೇ ಆಟ ನೋಡಿದ ಗಂಡನಿಗೆ ಗ್ಯಾಲರಿಯ ಮೆಟ್ಟಿಲು ಹತ್ತುವುದೇ ಹೊಸದು. ಎರಡು ಸಲ ಎಡವಿದ. ನಡುವಿನ ಸಾಲಿನಲ್ಲಿ ಕೂತರು. ಎಡಕ್ಕಿದ್ದ ಸಂಸಾರ ಎದ್ದು ಮೇಲಕ್ಕೆ ಹೋಯಿತು. ಬಲಕ್ಕಿದ್ದವರೂ ಒಬ್ಬೊಬ್ಬರಾಗಿ ಸರಿದರು. ಅವರಿಬ್ಬರ ಸುತ್ತ ನಾಲ್ಕು ನಾಲ್ಕು ಕುರ್ಚಿ ಖಾಲಿಯಾಯಿತು. ಗಂಡನ ಕೈಯನ್ನು ಅವಳು ತನ್ನ ಮಡಿಲಿಗೆ ಎಳೆದುಕೊಂಡಳು.

ವೆಲ್ಡರ್ ಮುಂದೆ ಡ್ರಮ್ಮಿನ ಬಳಿ ನಿಂತಿದ್ದ. ತಿರುಗಿ ಒಮ್ಮೆ ನೋಡಿದ. ಕೋಲು ಕೈಯಲ್ಲಿತ್ತು, ಬಡಿಯಲಿಲ್ಲ. ಇಡೀ ಗ್ಯಾಲರಿಯಲ್ಲಿ ಕೂಗುವವರಿರಲಿಲ್ಲ. ಬೂಟು ಚೆಂಡಿಗೆ ತಾಗುವ ಸದ್ದು, ಹುಡುಗರು ಒಬ್ಬರನ್ನೊಬ್ಬರು ಕರೆಯುವ ಸದ್ದು ಮೇಲಿನ ಸಾಲಿನವರೆಗೂ ಕೇಳುತ್ತಿತ್ತು. ಹತ್ತನೇ ನಿಮಿಷಕ್ಕೇ ಒಂದು ಗೋಲು ಬಿತ್ತು. ಗೋಲ್‌ಕೀಪರ್ ಹುಡುಗ ಹುಲ್ಲಿನ ಮೇಲೆ ಬೋರಲು ಬಿದ್ದವನು ಏಳಲೇ ಇಲ್ಲ.

"ಏಳೋ!" ಎಂದಳು ಟೈಲರಕ್ಕ.

ಅಷ್ಟು ಜೋರಾಗಿ ತಾನು ಕೂಗಿದೆನೆಂದು ಅವಳಿಗೇ ಗೊತ್ತಾಗಲಿಲ್ಲ. ಎದ್ದು ನಿಂತಿದ್ದಳು. ನೂರಾರು ತಲೆಗಳು ಅವಳ ಕಡೆ ತಿರುಗಿದವು. ಗಂಡ ಅಂಗಿಯ ಚುಂಗು ಹಿಡಿದು ಜಗ್ಗಿದ. "ಏಳೋ, ಕಂದ! ಬದುಕಿದ್ದೀಯಲ್ಲೋ, ಏಳೋ!" ಗಂಟಲು ಕೀರಲಾಯಿತು, ಉಸಿರು ಕಟ್ಟಿತು, ನಿಲ್ಲಿಸಲಿಲ್ಲ.

ಯಾರೂ ಜೊತೆಗೂಡಲಿಲ್ಲ. ಯಾರೂ ಅವಳನ್ನು ಕೂರಿಸಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೋಲ್‌ಕೀಪರ್ ಮಂಡಿಯೂರಿ ಎದ್ದ, ಬಲೆಯೊಳಗಿಂದ ಚೆಂಡು ತೆಗೆದು ನಡುಗೆರೆಯ ಕಡೆ ಒದ್ದ. ಆಟ ಮತ್ತೆ ಶುರುವಾಯಿತು.